ಬಿಸಿಲಿಗೆ ಮೈ ಪಳಗಿಸೋದು: ಕಲಬುರಗಿ ಓಟಗಾರರಿಗೆ

ಏಪ್ರಿಲ್ ಬಂತೆಂದರೆ ಕಲಬುರಗಿ 40 ಡಿಗ್ರಿ ದಾಟುತ್ತದೆ. ಚಳಿಗಾಲದ ವೇಗದಲ್ಲೇ ಓಡಲು ಹೋದವರು ಎಡವುವುದು ಇಲ್ಲೇ. ಮೈ ತಣಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಸ್ನಾಯುಗಳಿಗೂ ಅದೇ ರಕ್ತ ಬೇಕು, ಎದೆಬಡಿತ ಏರುತ್ತದೆ. ಹಾಗಾಗಿ ಸ್ಟಾಪ್‌ವಾಚ್ ಬಿಡಿ, ನಾಡಿ ನೋಡಿ.

ಬೆಳಿಗ್ಗೆ 9ರ ಸುಮಾರಿಗೆ 20 ನಿಮಿಷದ ಹಗುರ ಓಟದಿಂದ ಶುರು ಮಾಡಿ, 10–14 ದಿನಗಳಲ್ಲಿ 60 ನಿಮಿಷಕ್ಕೆ ತನ್ನಿ. ನಡುಮಧ್ಯಾಹ್ನ ಬೇಡವೇ ಬೇಡ. ಹೀಗೆ ಮೈ ಪಳಗುತ್ತಾ ಮೊದಲ ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಬೆವರಿನ ಉಪ್ಪು ಕಡಿಮೆಯಾಗಲು ಇನ್ನಷ್ಟು ದಿನ ಹಿಡಿಯುತ್ತದೆ.

ಓಟದ ಮುಂಚೆ, ಆಮೇಲೆ ತೂಕ ನೋಡಿ. 60 ಕಿಲೋ ಇದ್ದವರು 58.8ಕ್ಕೆ ಇಳಿದರೆ ಶೇ 2 ಹೋಯಿತು, ನೀರು ಸಾಲಲಿಲ್ಲ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು; ರಕ್ತದ ಸೋಡಿಯಂ ಕುಸಿಯುವ ಅಪಾಯ ಅಲ್ಲಿದೆ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಚೆನ್ನ. ಆದರೆ ಯಾರದಾದರೂ ಮಾತು ತೊದಲಿದರೆ ಅದು ಬಿಸಿಲಾಘಾತ ಇರಬಹುದು, ಮಜ್ಜಿಗೆ ಹುಡುಕಬೇಡಿ: ನೆರಳಿಗೆ ಎಳೆದು, ಮೈತುಂಬ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ.