ಖಾಲಿ ಉಂಟು ಮಾರಾಯ್ರೆ

ಮಂಗಳೂರಿನ ಒಂದು ಕೋವಿ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದ್ದು 2008ರಲ್ಲಿ. ಕೋವಿ ಅಂಗಡಿ ಅಂದಕೂಡಲೇ ಜನರಿಗೆ ಸಿನಿಮಾ ನೆನಪಾಗುತ್ತದೆ. ನಮ್ಮ ಕೆಲಸ ಅದಕ್ಕಿಂತ ತುಂಬಾ ಸಪ್ಪೆ. ತುಕ್ಕು ಕೆರೆಯುವುದು, ಸ್ಪ್ರಿಂಗ್ ಬದಲಿಸುವುದು, ರಿಜಿಸ್ಟರ್ ಬರೆಯುವುದು. ಬರುವವರಲ್ಲಿ ಹೆಚ್ಚಿನವರು ಬೆಳ್ತಂಗಡಿ, ಸುಳ್ಯ, ಕಾರ್ಕಳ, ಹೆಬ್ರಿ ಕಡೆಯ ಕೃಷಿಕರು. ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಹೆದರಿಸಿ ಓಡಿಸಲಿಕ್ಕೆ ಒಂದು ಕೋವಿ. ವರ್ಷದಲ್ಲಿ ನಾಲ್ಕೈದು ದಿನ ಅದು ಹೊರಗೆ ಬಂದರೆ ಜಾಸ್ತಿ. ಉಳಿದ ದಿನ ಎಲ್ಲೋ ಮೂಲೆಯಲ್ಲಿ ನಿಂತಿರುತ್ತದೆ. ನಮ್ಮ ಮೇಜಿಗೆ ಬರುವ ತಾಪತ್ರಯವೆಲ್ಲ ಆ ಮೂಲೆಯಲ್ಲಿ ನಿಂತ ದಿನಗಳದ್ದೇ. ಹೊಡೆದು ಹಾಳಾದ ಕೋವಿ ನಾನು ನೋಡಿದ್ದು ಕಡಿಮೆ. ಇಟ್ಟು ಹಾಳಾದದ್ದು ಲೆಕ್ಕವಿಲ್ಲ.

ನಾನು ಸೇರಿದ ವರ್ಷವೇ ವಿಧಾನಸಭಾ ಚುನಾವಣೆ ಬಂತು. ಚುನಾವಣೆ ಬಂದರೆ ಕೋವಿ ಇರುವವರು ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕು. ಮಂಗಕ್ಕೆ ನೀತಿ ಸಂಹಿತೆ ಇಲ್ಲವಲ್ಲ ಎಂದು ಕೃಷಿಕರು ಪ್ರತಿ ಸಲ ಗೊಣಗುತ್ತಾರೆ. ಆದರೂ ತಂದಿಡುತ್ತಾರೆ. ಆ ಏಪ್ರಿಲ್‌ನಲ್ಲಿ ನಮ್ಮ ಅಂಗಡಿ ಎದುರು ಕ್ಯೂ. ಸೆಕೆ ಬೇರೆ. ನನ್ನ ಕೆಲಸ ಲೈಸೆನ್ಸ್ ಪುಸ್ತಕ ನೋಡುವುದು, ಕೋವಿಯ ನಂಬರ್ ತಾಳೆ ಹಾಕುವುದು, ಚೀಟಿ ಕಟ್ಟುವುದು, ಒಳಗೆ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು.

ಒಬ್ಬ ಹಿರಿಯರು ಒಂಟಿ ನಳಿಗೆಯ ಕೇಪಿನ ಕೋವಿ ತಂದರು. ಕೇಪು ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ. ಲೋಡ್ ಉಂಟಾ ಎಂದು ಕೇಳಿದೆ. "ಖಾಲಿ ಉಂಟು ಮಾರಾಯ್ರೆ" ಅಂದರು. ಕೇಪಿಗೆ ಬಡಿಯುವ ಕುದುರೆ ಎತ್ತಿ ನೋಡಿದೆ, ಕೇಪು ಇರಲಿಲ್ಲ. ಚೀಟಿ ಕಟ್ಟಿ ಒಳಗಿಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ತೋಟೆ, ಅಂದರೆ ಮದ್ದು ಗುಂಡು ಒಟ್ಟಿಗೆ ಇರುವ ತಯಾರಿ ಕೊಳವೆ, ಹಾಕುವ ಕೋವಿಯಾದರೆ ಮುರಿದು, ಅಂದರೆ ನಳಿಗೆಯನ್ನು ಬುಡದಲ್ಲಿ ಬಾಗಿಸಿ ತೆರೆದು ನೋಡಬಹುದು. ಹಿಂದಿನಿಂದ ಕಣ್ಣಿಟ್ಟರೆ ನಳಿಗೆಯ ಆ ಕಡೆಯ ಬೆಳಕು ಕಾಣುತ್ತದೆ. ಕೇಪಿನ ಕೋವಿ ಹಾಗಲ್ಲ. ಅದರ ಹಿಂಬದಿ ಮುಚ್ಚಿಯೇ ಇರುತ್ತದೆ. ಮದ್ದು, ನಾರು, ಚರೆ (ಸಣ್ಣ ಗುಂಡುಗಳು) ಎಲ್ಲ ಬಾಯಿಯಿಂದಲೇ ತುಂಬುವುದು. ಕೇಪು ತೆಗೆದರೂ ಮದ್ದು ಬುಡದಲ್ಲೇ ಕೂತಿರುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕ್ಯೂ ಉದ್ದ ಇತ್ತು, ಅಷ್ಟೇ.

ಜೂನ್ ಬಂತು. ಚುನಾವಣೆ ಮುಗಿದಿತ್ತು. ಕೆಲವರು ಕೋವಿ ಒಯ್ಯಲಿಕ್ಕೆ ಬಂದಿರಲಿಲ್ಲ. ಮಳೆ ಹಿಡಿದ ಮೇಲೆ ನಮ್ಮ ಆಚಾರ್ರು ಒಂದೊಂದನ್ನೇ ಇಳಿಸಿ ಎಣ್ಣೆ ಕೊಡಲು ಕೂತರು. ಅಂಗಡಿಯಲ್ಲಿ ರಿಪೇರಿ ಎಲ್ಲ ಅವರದ್ದೇ. ಆ ಒಂಟಿ ನಳಿಗೆಯನ್ನು ತೆಗೆದುಕೊಂಡರು. ಮದ್ದು ತುರುಕುವ ಸಲಾಕೆಯನ್ನು ಬಾಯಿಯಿಂದ ಒಳಗೆ ಬಿಟ್ಟರು. ಅಂಚಿಗೆ ಸರಿಯಾಗಿ ಹೆಬ್ಬೆರಳು ಹಿಡಿದು ಹೊರಗೆ ಎಳೆದರು. ಅದನ್ನು ನಳಿಗೆಯ ಮೈಗೆ ಹೊರಗಿನಿಂದ ಹಿಡಿದು ಅಳೆದರು. ಖಾಲಿ ಕೋವಿಯಾದರೆ ಸಲಾಕೆಯ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ಇದು ನಾಲ್ಕು ಬೆರಳು ಮೊದಲೇ ನಿಂತಿತು.

ಆಚಾರ್ರು ನನ್ನ ಮುಖ ನೋಡಿದರು. "ಇದನ್ನು ಒಳಗೆ ಇಟ್ಟದ್ದು ಯಾರು?"

ಎರಡು ತಿಂಗಳು ಅದು ತುಂಬಿಕೊಂಡೇ ನಿಂತಿತ್ತು. ಅದರ ಬಾಯಿ ಇದ್ದ ದಿಕ್ಕಿನಲ್ಲೇ ನಾವು ಸ್ಟೂಲ್ ಹಾಕಿಕೊಂಡು ಚಾ ಕುಡಿಯುತ್ತಿದ್ದೆವು. ಅವರು ಬೈಯಲಿಲ್ಲ. ನಳಿಗೆಗೆ ನೀರು ಹೊಯ್ದು ರಾತ್ರಿ ಇಡೀ ಹಾಗೇ ಇಟ್ಟರು. ಮಾರನೇ ದಿನ ತುದಿಯಲ್ಲಿ ತಿರುಪು ಇರುವ ಸಲಾಕೆಯಿಂದ ಒಂದೊಂದೇ ಎಳೆದರು. ತೆಂಗಿನ ನಾರಿನ ಉಂಡೆ, ಚರೆ, ಮತ್ತೆ ನಾರು, ಕೊನೆಗೆ ಮಸಿಯಂಥ ಮದ್ದಿನ ಕೆಸರು. ಎಲ್ಲವನ್ನೂ ಒಂದು ಪೇಪರಿನ ಮೇಲೆ ಹರಡಿ ನನ್ನ ಎದುರು ಇಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ಆ ಹಿರಿಯರು ಬಂದಾಗ ಪೇಪರ್ ತೋರಿಸಿದೆವು. ಅವರು ಸುಳ್ಳು ಹೇಳಿದ್ದಲ್ಲ. ತುಂಬಿಸಿದ್ದು ಅವರ ತಮ್ಮನಂತೆ. ಹಿಂದಿನ ಮಳೆಗಾಲದಲ್ಲಿ ಹಂದಿ ಬಂದಿದೆ ಎಂದು ತುಂಬಿಸಿದ್ದ. ಹಂದಿ ಆಚೆ ಹೋಯಿತು, ಕೋವಿ ಬಾಗಿಲ ಹಿಂದೆ ಹೋಯಿತು. ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಇಬ್ಬರು.

ಅಂದಿನಿಂದ ನಾನು ಠೇವಣಿಗೆ ಬಂದ ಪ್ರತಿ ಕೇಪಿನ ಕೋವಿಗೆ ಸಲಾಕೆ ಹಾಕುತ್ತೇನೆ. ಪ್ರತಿ ತೋಟೆ ಕೋವಿಯನ್ನು ಮುರಿದು ನೋಡುತ್ತೇನೆ. ಆಚಾರ್ರೇ ಕೈಗೆ ಕೊಟ್ಟರೂ ನೋಡುತ್ತೇನೆ. ಅವರೂ ನಾನು ಕೊಟ್ಟರೆ ನೋಡುತ್ತಾರೆ. ಬೇಜಾರಿಲ್ಲ.

ಇನ್ನು ಮಳೆಯ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಗಾಳಿಯಲ್ಲಿ ಉಪ್ಪು ಬೇರೆ. ಜೂನ್‌ನಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಕೋವಿಯನ್ನು ಚಂದದ ಚರ್ಮದ ಗವಸಿನಲ್ಲಿ ಹಾಕಿ ಕಪಾಟಿನಲ್ಲಿ ಮಲಗಿಸುವುದು. ಚರ್ಮ, ಬಟ್ಟೆ ಎರಡೂ ತೇವ ಹೀರುತ್ತವೆ. ಅಕ್ಟೋಬರ್‌ನಲ್ಲಿ ತೆಗೆದರೆ ಗವಸಿನ ಹೊಲಿಗೆಯ ಗುರುತು ನಳಿಗೆಯ ಮೇಲೆ ತುಕ್ಕಿನಲ್ಲಿ ಬರೆದಿರುತ್ತದೆ. ಗವಸು ಇರುವುದು ದಾರಿಯಲ್ಲಿ ಒಯ್ಯಲಿಕ್ಕೆ. ಮನೆಯಲ್ಲಿ ಕೋವಿಯನ್ನು ಅದರಿಂದ ತೆಗೆದೇ ಇಡಬೇಕು.

ಎರಡನೆಯದು ತೆಂಗಿನೆಣ್ಣೆ. ಎಷ್ಟು ಹೇಳಿದರೂ ಹಚ್ಚುತ್ತಾರೆ. ಕೆಲವು ತಿಂಗಳಲ್ಲಿ ಅದು ಅಂಟಾಗಿ ಕುದುರೆಯೇ ಏಳುವುದಿಲ್ಲ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಹಚ್ಚಿ, ಅದೂ ತೆಳ್ಳಗೆ. ಎಣ್ಣೆ ಹೆಚ್ಚಾದರೆ ಇನ್ನೊಂದು ತೊಂದರೆ. ಕೋವಿಯನ್ನು ಹಿಡಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಇಳಿದು ಮರಕ್ಕೆ ಸೇರುತ್ತದೆ. ಕುತ್ತಿಗೆಯ ಹತ್ತಿರ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಎಣ್ಣೆ ಕೊಟ್ಟ ಮೇಲೆ ಕೆಲವು ದಿನ ಬಾಯಿ ಕೆಳಗೆ ಮಾಡಿ, ಅಡಿಗೆ ಒಂದು ಬಟ್ಟೆ ಇಟ್ಟು ನಿಲ್ಲಿಸಿ.

ಇದನ್ನು ನಾನು ಕಲಿತದ್ದು ಒಬ್ಬ ಗಿರಾಕಿಯ ಮಗನಿಂದ. ಅಪ್ಪ ಮಿಲಿಟರಿಯಲ್ಲಿ ಇದ್ದು ಬಂದವರು, ಈಗ ಉಡುಪಿ ಕಡೆ ಮನೆ, .315 ರೈಫಲ್ ಇಟ್ಟಿದ್ದಾರೆ. ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ. ಅಲ್ಲಿ ಹಳೇ ಮಿಲಿಟರಿ ರೈಫಲ್ ಸಂಗ್ರಹಿಸುವುದು ಅವರ ಹವ್ಯಾಸ. ರಜೆಗೆ ಬಂದವರು ಅಪ್ಪನ ಜೊತೆ ಅಂಗಡಿಗೆ ಬಂದು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸಿದರು. ರಷ್ಯಾದ ಮೋಸಿನ್ ನಗಾಂತ್ ಒಂದು. ಗೋದಾಮಿನಲ್ಲಿ ಹಾಳಾಗದಿರಲಿ ಎಂದು ಅದಕ್ಕೆ ಕಾಸ್ಮೋಲಿನ್ ಎಂಬ ಗ್ರೀಸ್ ಬಳಿದಿದ್ದರಂತೆ. ಅದನ್ನು ತೆಗೆಯಲಿಕ್ಕೇ ಒಂದು ವಾರಾಂತ್ಯ ಹೋಯಿತಂತೆ. ಹತ್ತಾರು ವರ್ಷ ಆದರೂ ಒಳಗೆ ಕಬ್ಬಿಣ ಹೊಸದರ ಹಾಗೆ.

ಮುಂದಿನ ಚಿತ್ರ ನೋಡಿ ಆಚಾರ್ರು ಕನ್ನಡಕ ಹಾಕಿಕೊಂಡರು. ನಮ್ಮದೇ ಇಷಾಪುರದ ರೈಫಲ್. ಕೋಲ್ಕತ್ತದ ಹತ್ತಿರದ ಸರಕಾರಿ ಕಾರ್ಖಾನೆಯದ್ದು. 1962ರ ಚೀನಾ ಯುದ್ಧದ ಮೇಲೆ ಹಳೇ ತ್ರೀ ನಾಟ್ ತ್ರೀ (.303) ರೈಫಲಿನ ವಿನ್ಯಾಸವನ್ನೇ 7.62 ಗುಂಡಿಗೆ ಹೊಂದಿಸಿ, ಗಟ್ಟಿ ಉಕ್ಕಿನಲ್ಲಿ ಮಾಡಿದ್ದು. ಬಂಗಾಳದಲ್ಲಿ ಹುಟ್ಟಿ ಟೆಕ್ಸಾಸ್‌ನಲ್ಲಿ ಮನೆ ಮಾಡಿದೆ. ಇಲ್ಲಿ ನಮ್ಮಂಥವರು ಅದನ್ನು ಮುಟ್ಟುವ ಹಾಗಿಲ್ಲ. ಸೈನ್ಯದ ಗುಂಡು ಜನರ ಕೋವಿಗೆ ಹೊಂದಬಾರದು ಎಂದು ಬ್ರಿಟಿಷರ ಕಾಲದಲ್ಲೇ ಕಟ್ಟುಪಾಡು ಇತ್ತು. .303 ಬದಲು .315 ಬಂದದ್ದು ಹಾಗೆ. ಅಪ್ಪನ ರೈಫಲ್ ನೋಡಲಿಕ್ಕೆ ತ್ರೀ ನಾಟ್ ತ್ರೀಯ ತಮ್ಮನಂತೆ, ಆದರೆ ತಿನ್ನುವ ಗುಂಡು ಬೇರೆ.

ಆ ಮಗ ಇನ್ನೊಂದು ವಿಷಯ ಹೇಳಿದರು. ಹಳೇ ಮಿಲಿಟರಿ ಗುಂಡು ಹೊಡೆದರೆ ಅದರ ಕೇಪಿನಿಂದ ಒಂದು ಬಗೆಯ ಉಪ್ಪು ನಳಿಗೆಯಲ್ಲಿ ಉಳಿಯುತ್ತದೆ. ಅದು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತದೆ. ಮೊದಲು ಬಿಸಿನೀರು ಹೊಯ್ದು ತೊಳೆಯಬೇಕು, ಆಮೇಲೆ ಎಣ್ಣೆ. ಕೋವಿಗೆ ನೀರು ಅಂದರೆ ಜನ ನಂಬುವುದೇ ಇಲ್ಲ ಎಂದು ನಕ್ಕರು.

ಆಚಾರ್ರು ನಗಲಿಲ್ಲ. "ನಂಬದೆ ಎಂತ ಮಾಡುವುದು? ಉಪ್ಪು ಎಣ್ಣೆಯಲ್ಲಿ ಕರಗ್ತದಾ?" ಅಂದರು. ಕೇಪಿನ ಕೋವಿಯನ್ನು ಅವರು ಮೊದಲಿನಿಂದಲೂ ಕುದಿಯುವ ನೀರಿನಲ್ಲೇ ತೊಳೆಯುವುದು. ಮದ್ದಿನ ಮಸಿಯೂ ತೇವ ಎಳೆಯುತ್ತದೆ. ಬಿಸಿನೀರಾದರೆ ಕಬ್ಬಿಣ ಕಾದು ತಾನೇ ಒಣಗುತ್ತದೆ. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಒಂದು ಬಿಲ್ ಕೂಡ ಆಗಲಿಲ್ಲ ಅನ್ನಿ.

ಹೊರಡುವ ಮೊದಲು ಮಗ ಅಪ್ಪನ ರೈಫಲಿನ ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ಹಿಂಬದಿ ಮುಚ್ಚುವ ಭಾಗ, ತೆಗೆದು ಅದರ ನಂಬರ್ ನೋಡಿದರು. ಮೈಯ ನಂಬರಿಗೆ ಹೊಂದುತ್ತಿತ್ತು. ಸಂಗ್ರಹ ಮಾಡುವವರಿಗೆ ಇದು ಬೆಲೆಯ ವಿಷಯ. ನಮಗೆ ಜೀವದ ವಿಷಯ. ಬೇರೆ ರೈಫಲಿನ ಬೋಲ್ಟ್ ಹಾಕಿದರೆ ತೋಟೆ ಕೂರುವ ಅಳತೆ ತಪ್ಪಬಹುದು. ಅಪ್ಪನಿಗೆ ಅವರು ಹೇಳಿದ್ದು ಇಷ್ಟೇ: ಬೋಲ್ಟ್ ಒಂದು ಕಡೆ, ರೈಫಲ್ ಒಂದು ಕಡೆ, ತೋಟೆ ಮತ್ತೊಂದು ಕಡೆ, ಮೂರಕ್ಕೂ ಬೀಗ. ಉಕ್ಕಿನ ಕಪಾಟನ್ನು ಗೋಡೆಗೆ ತಿರುಪು ಹಾಕಿ ಕೂರಿಸಿ. ಬೀಗದ ಕೈ ಕಪಾಟಿನ ತಲೆ ಮೇಲೆ ಬೇಡ.

ಈ ಕೊನೆಯದಕ್ಕೆ ನಾನೂ ದನಿ ಸೇರಿಸುತ್ತೇನೆ. ಬೀಗದ ಕೈ ಎಲ್ಲಿ ಇಡುತ್ತೀರಿ ಎಂದು ಗಿರಾಕಿಗಳನ್ನು ಕೇಳಿದರೆ "ಯಾರಿಗೂ ಗೊತ್ತಿಲ್ಲ" ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಮೊಮ್ಮಗ "ದೇವರ ಕೋಣೆಯಲ್ಲಿ" ಅನ್ನುತ್ತಾನೆ. ಈಗ ಲೈಸೆನ್ಸ್ ಬೇಕಾದರೆ ಭದ್ರವಾಗಿ ಇಡುತ್ತೇನೆ ಎಂದು ಬರೆದುಕೊಡಬೇಕು. ಬರೆದುಕೊಡುತ್ತಾರೆ. ಕಪಾಟು ಮಾತ್ರ ಮುಂದಿನ ಅಡಿಕೆ ಕೊಯ್ಲಿಗೆ.

2019ರ ಡಿಸೆಂಬರ್‌ನಲ್ಲಿ ಕಾನೂನು ಬದಲಾಗಿ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದಾಯಿತು. ಮೂರು ಇದ್ದವರು ಒಂದನ್ನು ಬಿಡಬೇಕಾಯಿತು. ಆಗ ನೋಡಿದ್ದು, ಜನ ಕೆಲಸಕ್ಕೆ ಬಾರದ ಅಜ್ಜನ ಕೋವಿ ಉಳಿಸಿಕೊಂಡು ಚೆನ್ನಾಗಿರುವುದನ್ನೇ ಬಿಟ್ಟುಕೊಟ್ಟರು. ಇರಲಿ, ಅದು ಬೇರೆ ಕತೆ.

ಕಳೆದ ಲೋಕಸಭಾ ಚುನಾವಣೆಯಲ್ಲಿ ಮತ್ತೆ ಕ್ಯೂ. ಒಬ್ಬರ ಕೋವಿಗೆ ಸಲಾಕೆ ಹಾಕಲು ಹೊರಟೆ. "ಖಾಲಿ ಅಂತ ಹೇಳಿದೆನಲ್ಲ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಮುಖ ಸಣ್ಣ ಮಾಡಿದರು. ನಾನು ಸಲಾಕೆಯನ್ನೇ ಅವರ ಕೈಗೆ ಕೊಟ್ಟೆ. ನೀವೇ ಹಾಕಿ ನೋಡಿ, ಬಾಯಿಯ ಎದುರು ಮಾತ್ರ ನಿಲ್ಲಬೇಡಿ ಅಂದೆ. ಅವರು ಬಿಟ್ಟರು. ಬುಡಕ್ಕೆ ಹೋಗಿ ಟಣ್ ಅಂದಿತು. ಅವರಿಗೂ ಸಮಾಧಾನ, ನನಗೂ. ಚೀಟಿ ಕಟ್ಟಿದೆ, ರಶೀದಿ ಕೊಟ್ಟೆ.

ಮೆಟ್ಟಿಲು ಇಳಿದವರು ತಿರುಗಿ ಬಂದರು. "ಅಲ್ಲ ಮಾರಾಯ್ರೆ, ಅಣ್ಣನದ್ದು ಇನ್ನೊಂದು ಅಟ್ಟದಲ್ಲಿ ಉಂಟು. ನಾಳೆ ತರ್ತೇನೆ ಅಂದಿದ್ದ. ಅದಕ್ಕೆ ಯಾರೂ ಸಲಾಕೆ ಹಾಕಿ ನೋಡಿದ್ದಿಲ್ಲ."

ತರುವುದು ಬೇಡ, ಅಲ್ಲೇ ಇರಲಿ, ಮಕ್ಕಳನ್ನು ಅಟ್ಟ ಹತ್ತಲು ಬಿಡಬೇಡಿ ಅಂದೆ. ಆಚಾರ್ರು ಆಗಲೇ ತಿರುಪಿನ ಸಲಾಕೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.