ಧನು ರಾಶಿಯ ಕಡೆ ನೋಡ್ತಾ

ನಿನ್ನೆ ರಾತ್ರಿ ಕರೆಂಟ್ ಹೋದಾಗ ತಾರಸಿ ಮೇಲೆ ಚಾಪೆ ಹಾಸಿ ಮಲಗಿದ್ದೆ. ದಕ್ಷಿಣಕ್ಕೆ ಧನು ರಾಶಿ, ಬಿಲ್ಲಿನಂತೆ ಬಾಗಿದ ಮೂರು ನಕ್ಷತ್ರ. ನಮ್ಮ ಕ್ಷೀರಪಥದ ನಡುಭಾಗ ಅದೇ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ದೂರ. 2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಫರ್ಮಿ ದೂರದರ್ಶಕಕ್ಕೆ ಅಲ್ಲಿಂದ ಲೆಕ್ಕಕ್ಕಿಂತ ಹೆಚ್ಚು ಗಾಮಾ ಕಿರಣ (ಕಣ್ಣಿಗೆ ಕಾಣದ, ಅತಿ ಹೆಚ್ಚು ಶಕ್ತಿಯ ಬೆಳಕು) ಸಿಕ್ಕಿವೆ. ಕಣ್ಣಿಗೆ ಕಾಣದೆ, ಗುರುತ್ವದ ಸೆಳೆತದಿಂದಷ್ಟೇ ಇರವು ತೋರಿಸೋ ಡಾರ್ಕ್ ಮ್ಯಾಟರ್‌ನ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶವಾಗುವಾಗ ಹೊಮ್ಮಿದ ಬೆಳಕು ಅಂತ ಕೆಲವರು. ಗಿರಗಿರ ತಿರುಗೋ ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳದ್ದು ಅಂತ ಇನ್ನು ಕೆಲವರು. ವಾದ ಮುಗಿದಿಲ್ಲ.

ಡಾರ್ಕ್ ಮ್ಯಾಟರ್ ತುಂಬಿರೋ ಡ್ರೇಕೋದಂಥ ಕುಬ್ಜ ಗ್ಯಾಲಕ್ಸಿಗಳನ್ನು ವರ್ಷಗಟ್ಟಲೆ ನೋಡಿದರೂ ಅಂಥ ಬೆಳಕಿನ ಖಚಿತ ಸುಳಿವು ಸಿಕ್ಕಿಲ್ಲ. ಆ ಬರಿಗೈಯೂ ನನಗೆ ದೊಡ್ಡದೇ. ಕಣ ಹೇಗಿರಲಾರದು ಅನ್ನೋದಾದರೂ ತಿಳೀತಲ್ಲ!

ಕರೆಂಟ್ ಬಂತು. ಬೀದಿ ದೀಪಕ್ಕೆ ಅರ್ಧ ನಕ್ಷತ್ರ ಮಾಯ. ನಾನು ಏಳಲಿಲ್ಲ.