ವಿನ್‌ಸ್ಟನ್ ಕೌಂಟಿಯಿಂದ ಮಾಂಟ್‌ಗೊಮರಿಗೆ: ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಅವರ ಜಾಡಿನಲ್ಲಿ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಿಂದ ವಾಯವ್ಯಕ್ಕೆ ಹೊರಟರೆ ಒಂದು ಗಂಟೆಯೊಳಗೆ ಜಾಸ್ಪರ್ ಸಿಗುತ್ತದೆ. ಕಲ್ಲಿದ್ದಲಿನ ಗಣಿಗಳ ನಡುವೆ ಬೆಳೆದ ಈ ಊರಿನಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಫ್ರಾಂಕ್ ಮಿನಿಸ್ ಜಾನ್ಸನ್ ಎಂಬ ಯುವಕ 1946ರಿಂದ ಏಳು ವರ್ಷ ವಕೀಲಿಕೆ ಮಾಡಿದರು. ಮುಂದೆ ಫೆಡರಲ್ (ರಾಷ್ಟ್ರಮಟ್ಟದ) ನ್ಯಾಯಾಲಯದ ನ್ಯಾಯಾಧೀಶರಾಗಿ ಅವರು ನೀಡಿದ ತೀರ್ಪುಗಳು ಅಮೆರಿಕದ ದಕ್ಷಿಣ ರಾಜ್ಯಗಳ ಬಸ್ಸು, ಶಾಲೆ, ಮತಗಟ್ಟೆ, ಸೆರೆಮನೆಗಳನ್ನೆಲ್ಲ ಬದಲಿಸಿದವು. ಆ ಧೈರ್ಯ ಎಲ್ಲಿಂದ ಬಂದಿರಬಹುದು ಎಂಬುದನ್ನು ಅವರ ಊರುಗಳನ್ನು ಕಂಡೇ ತಿಳಿಯಬೇಕೆಂಬ ಆಸೆ ನನ್ನನ್ನು ಈ ದಾರಿಗೆ ಎಳೆದು ತಂದಿತ್ತು.

ಜಾಸ್ಪರ್ ದಾಟಿ ಉತ್ತರಕ್ಕೆ ಹೋದಂತೆ ಗುಡ್ಡಗಳು ಹತ್ತಿರವಾಗುತ್ತವೆ, ಪೈನ್ ಮರಗಳು ದಟ್ಟವಾಗುತ್ತವೆ. ಹತ್ತಿಯ ದೊಡ್ಡ ಜಮೀನುಗಳಿಗೆ ಒಗ್ಗದ ಈ ನೆಲದಲ್ಲಿ ಗುಲಾಮರನ್ನು ಇಟ್ಟುಕೊಂಡವರು ವಿರಳವಾಗಿದ್ದರು. ಸ್ವಂತ ದುಡಿಮೆಯಿಂದ ಬದುಕುತ್ತಿದ್ದ ಸಣ್ಣ ರೈತರೇ ಹೆಚ್ಚು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ಸಮೀಪಿಸುತ್ತಿದ್ದ 1861ರಲ್ಲಿ ಅಲಬಾಮಾ ಅಮೆರಿಕದ ಒಕ್ಕೂಟದಿಂದ ಹೊರಬರಲು ನಿರ್ಧರಿಸಿದಾಗ, ವಿನ್‌ಸ್ಟನ್ ಕೌಂಟಿಯ ಪ್ರತಿನಿಧಿಯಾಗಿ ಮಾಂಟ್‌ಗೊಮರಿಗೆ ಹೋಗಿದ್ದ ಕ್ರಿಸ್ ಶೀಟ್ಸ್ ಎಂಬ ಯುವ ಶಿಕ್ಷಕ ಆ ನಿರ್ಣಯಕ್ಕೆ ಸಹಿ ಹಾಕಲಿಲ್ಲ. 'ಸ್ವತಂತ್ರ ವಿನ್‌ಸ್ಟನ್ ರಾಜ್ಯ' ಎಂಬ ಹೆಸರು ಈ ಕೌಂಟಿಗೆ ಅಂಟಿಕೊಂಡದ್ದು ಆ ಕಾಲದಲ್ಲೇ. ಕೌಂಟಿಯ ಕೇಂದ್ರವಾದ ಡಬಲ್ ಸ್ಪ್ರಿಂಗ್ಸ್‌ನಲ್ಲಿ, ನ್ಯಾಯಾಲಯದ ಮುಂದೆ ಒಂದು ವಿಶಿಷ್ಟ ಪ್ರತಿಮೆಯಿದೆ. ಒಬ್ಬನೇ ಸೈನಿಕ, ಮೈಯ ಅರ್ಧ ಭಾಗಕ್ಕೆ ಒಕ್ಕೂಟದ ಸಮವಸ್ತ್ರ, ಉಳಿದರ್ಧಕ್ಕೆ ದಕ್ಷಿಣದವರ ಸಮವಸ್ತ್ರ. ನಾನು ಅದರ ಸುತ್ತ ಬಹಳ ಹೊತ್ತು ನಡೆದಾಡಿದೆ. ರಾಜ್ಯವೆಲ್ಲ ಒಂದು ಕಡೆಗಿದ್ದಾಗ ಎದುರು ನಿಲ್ಲುವುದು ಇಲ್ಲಿನವರಿಗೆ ಮನೆತನದ ನೆನಪಿನಲ್ಲಿಯೇ ಇದ್ದ ಸಂಗತಿ ಎಂದು ಆಗ ಅನಿಸಿತು.

ಇಲ್ಲಿಂದ ವಾಯವ್ಯಕ್ಕಿರುವ ಹ್ಯಾಲಿವಿಲ್ ಜಾನ್ಸನ್ನರ ಊರು. ಅವರು ಹುಟ್ಟಿದ್ದು 1918ರಲ್ಲಿ. ಅವರ ತಂದೆ ಇದೇ ಕೌಂಟಿಯಲ್ಲಿ ಉಯಿಲು, ಆಸ್ತಿಯ ವ್ಯವಹಾರ ನೋಡುವ ಪ್ರೊಬೇಟ್ ನ್ಯಾಯಾಧೀಶರಾಗಿದ್ದರು. ಅಲಬಾಮಾ ಪೂರ್ತಿ ಡೆಮಾಕ್ರಟರದ್ದಾಗಿದ್ದ ಕಾಲದಲ್ಲಿ ಆ ಮನೆ ರಿಪಬ್ಲಿಕನ್ ಪಕ್ಷದ್ದಾಗಿತ್ತು. ಊರಿನ ಮುಖ್ಯ ಬೀದಿ ಚಿಕ್ಕದು, ನೋಡಿ ಮುಗಿಸಲು ಹೆಚ್ಚು ಸಮಯ ಬೇಕಾಗಲಿಲ್ಲ.

ಮತ್ತೆ ದಕ್ಷಿಣಕ್ಕೆ ತಿರುಗಿ ಮಾಂಟ್‌ಗೊಮರಿಯತ್ತ ಸಾಗುವಾಗ ನನ್ನ ಯೋಚನೆಯೆಲ್ಲ ಇಬ್ಬರು ಸಹಪಾಠಿಗಳ ಸುತ್ತ ಇತ್ತು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಜಾನ್ಸನ್ನರೊಡನೆ ಕಾನೂನು ಓದಿದವರಲ್ಲಿ ಜಾರ್ಜ್ ವಾಲೇಸ್ ಒಬ್ಬರು. ಈ ರಾಜ್ಯದ ನ್ಯಾಯಾಧೀಶರು ಜನರ ಮತದಿಂದ ಆಯ್ಕೆಯಾಗುತ್ತಾರೆ. ವಾಲೇಸ್ ಹಾಗೆಯೇ ಸರ್ಕ್ಯೂಟ್ ನ್ಯಾಯಾಧೀಶರಾಗಿ, ಅನಂತರ ವರ್ಣಭೇದವನ್ನು ಎತ್ತಿಹಿಡಿದ ಗವರ್ನರ್ ಆದರು. ಫೆಡರಲ್ ನ್ಯಾಯಾಧೀಶರನ್ನಾದರೋ ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿದ ಮೇಲೆ ಅವರು ಜೀವನಪರ್ಯಂತ ಆ ಪೀಠದಲ್ಲಿರಬಹುದು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಜಾನ್ಸನ್ನರನ್ನು ಮಾಂಟ್‌ಗೊಮರಿಯ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ನೇಮಿಸಿದಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮತ ಕೇಳಬೇಕಾಗಿಲ್ಲದ ಹುದ್ದೆ ಧೈರ್ಯಕ್ಕೆ ದಾರಿ ಮಾಡಿಕೊಡುತ್ತದೆ, ಆದರೆ ಧೈರ್ಯವನ್ನು ಕೊಡುವುದಿಲ್ಲ. ಅದೇ ಭದ್ರತೆಯಲ್ಲಿ ಕುಳಿತು ವರ್ಣಭೇದದ ಹಳೆಯ ವ್ಯವಸ್ಥೆಯನ್ನೇ ಕಾಪಾಡಿದ ಫೆಡರಲ್ ನ್ಯಾಯಾಧೀಶರೂ ದಕ್ಷಿಣದಲ್ಲಿ ಇದ್ದರು.

ಮಾಂಟ್‌ಗೊಮರಿಯ ಹಳೆಯ ಗ್ರೇಹೌಂಡ್ ಬಸ್ ನಿಲ್ದಾಣ ಈಗ ವಸ್ತುಸಂಗ್ರಹಾಲಯ. 1961ರ ಮೇ 20ರಂದು ಬಸ್ಸು, ನಿಲ್ದಾಣಗಳಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಪ್ರಯಾಣ ಹೊರಟಿದ್ದ 'ಫ್ರೀಡಂ ರೈಡರ್ಸ್' ಯುವಕ ಯುವತಿಯರನ್ನು ಗುಂಪೊಂದು ಇಲ್ಲಿ ಮನಬಂದಂತೆ ಬಡಿಯಿತು. ಅದಕ್ಕೆ ತಾಗಿದಂತೆಯೇ ಇರುವ ಫೆಡರಲ್ ಕಟ್ಟಡಕ್ಕೆ ಇಂದು ಜಾನ್ಸನ್ನರ ಹೆಸರು. ಹಲ್ಲೆಯ ಬಳಿಕ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗೀಯವಾದಿ ಗುಂಪುಗಳಿಗೂ, ರಕ್ಷಣೆ ನೀಡದ ನಗರದ ಪೊಲೀಸರಿಗೂ ಅವರು ತಡೆಯಾಜ್ಞೆ ಹೊರಡಿಸಿದರು. ಅದಕ್ಕೂ ಮೊದಲು, ಪೀಠಕ್ಕೆ ಬಂದ ಮರುವರ್ಷವೇ, ಬ್ರೌಡರ್ ಮತ್ತು ಗೇಲ್ ನಡುವಣ ಮೊಕದ್ದಮೆಯಲ್ಲಿ ಬಸ್ಸಿನೊಳಗಿನ ವರ್ಣಭೇದ ಸಂವಿಧಾನಬಾಹಿರವೆಂದು ಮೂವರ ಪೀಠದಲ್ಲಿ ಅವರೂ ನ್ಯಾಯಾಧೀಶ ರಿಚರ್ಡ್ ರೈವ್ಸ್ ಅವರೂ ತೀರ್ಪಿತ್ತರು. ಮೂರನೆಯ ನ್ಯಾಯಾಧೀಶರು ಒಪ್ಪಲಿಲ್ಲ. ಆ ವರ್ಣಭೇದದ ವಿರುದ್ಧ ಈ ನಗರದ ಕಪ್ಪು ಜನರು ನಡೆಸಿದ ಬಸ್ ಬಹಿಷ್ಕಾರದ ಕಥೆ ಹೇಳುವಾಗ ನಾವು ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರನ್ನು ನೆನೆಯುತ್ತೇವೆ. ನ್ಯಾಯಾಲಯದ ಕಟಕಟೆಗೆ ಬಂದು ಸಾಕ್ಷಿ ನುಡಿದ, ಆಗಿನ್ನೂ ಹದಿಹರೆಯದವರಾಗಿದ್ದ ಕ್ಲಾಡೆಟ್ ಕಾಲ್ವಿನ್ ಅವರನ್ನೂ ನೆನೆಯಬೇಕು.

ಈ ತೀರ್ಪುಗಳಿಗೆ ಜಾನ್ಸನ್ ಕುಟುಂಬ ತೆತ್ತ ಬೆಲೆ ಸಣ್ಣದಲ್ಲ. ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು; 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು. ತಾಯಿ ಬದುಕುಳಿದರು. ಊರಿನ ಗಣ್ಯರು ದೂರ ಸರಿದರು, ಫೆಡರಲ್ ಮಾರ್ಷಲರ ಕಾವಲು ವರ್ಷಗಟ್ಟಲೆ ಮುಂದುವರಿಯಿತು.

ಕೊನೆಯದಾಗಿ ಮಾಂಟ್‌ಗೊಮರಿಯಿಂದ ಪಶ್ಚಿಮಕ್ಕೆ, ಸೆಲ್ಮಾ ಕಡೆಗೆ, 80ನೆಯ ಹೆದ್ದಾರಿಯಲ್ಲಿ ಹೊರಟೆ. 1965ರ ಮಾರ್ಚ್ 7ರಂದು ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಪೊಲೀಸರು ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ರಾಜಧಾನಿ ಮಾಂಟ್‌ಗೊಮರಿಗೆ ಹೊರಟಿದ್ದ ಮೆರವಣಿಗೆಯನ್ನು ಹೊಡೆದೋಡಿಸಿದ ಮೇಲೆ ವಿಷಯ ಜಾನ್ಸನ್ನರ ಮುಂದೆ ಬಂತು. ಅವರು ಕೂಡಲೇ ಅನುಮತಿ ಕೊಡಲಿಲ್ಲ. ವಿಚಾರಣೆ ಮುಗಿಯುವವರೆಗೆ ನಡೆಯಬೇಡಿ ಎಂದು ಚಳವಳಿಗಾರರನ್ನೇ ತಡೆದರು. ಸಾಕ್ಷ್ಯಗಳನ್ನು ಕೇಳಿ, ಮಾರ್ಚ್ 17ರಂದು ಮೆರವಣಿಗೆಗೆ ಒಪ್ಪಿಗೆಯಿತ್ತರು. ಪ್ರತಿಭಟಿಸುವ ಹಕ್ಕಿನ ವ್ಯಾಪ್ತಿ ಅನುಭವಿಸಿದ ಅನ್ಯಾಯದ ಅಗಾಧತೆಗೆ ತಕ್ಕಂತಿರಬೇಕು ಎಂಬುದು ಆ ತೀರ್ಪಿನ ತಿರುಳು. ರಸ್ತೆ ಕೇವಲ ಎರಡು ಪಥಗಳಿದ್ದ ಕಡೆ ಮುನ್ನೂರಕ್ಕಿಂತ ಹೆಚ್ಚು ಜನ ನಡೆಯಬಾರದೆಂಬ ಷರತ್ತೂ ಅದರಲ್ಲಿತ್ತು. ಇಂಥ ಚಿಕ್ಕ ವಿವರಗಳಲ್ಲಿಯೇ ನನಗೆ ಜಾಸ್ಪರಿನ ವಕೀಲರು ಕಾಣುತ್ತಾರೆ: ದೊಡ್ಡ ತತ್ತ್ವದ ಮಾತಿನ ಜೊತೆಗೆ ರಸ್ತೆಯ ಅಗಲವನ್ನೂ ಲೆಕ್ಕ ಹಾಕಿದವರು.

ಲೌಂಡ್ಸ್ ಕೌಂಟಿಯಲ್ಲಿ, ಹೆದ್ದಾರಿಯ ಪಕ್ಕದ ದಿಣ್ಣೆಯ ಮೇಲೆ ವಯೋಲಾ ಲಿಯುಜ್ಜೊ ಅವರ ಸ್ಮಾರಕವಿದೆ. ಮೆರವಣಿಗೆಯವರನ್ನು ಕಾರಿನಲ್ಲಿ ಕರೆದೊಯ್ಯಲು ಡೆಟ್ರಾಯ್ಟ್‌ನಿಂದ ಬಂದಿದ್ದ ಆ ತಾಯಿಯನ್ನು ಮಾರ್ಚ್ 25ರ ರಾತ್ರಿ ಕ್ಲಾನ್ ಸದಸ್ಯರು ಗುಂಡಿಟ್ಟು ಕೊಂದರು. ರಾಜ್ಯ ನ್ಯಾಯಾಲಯದ ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯದು ಆರೋಪಿಯನ್ನು ಬಿಡುಗಡೆ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಮೂವರು ಕ್ಲಾನ್ ಸದಸ್ಯರ ಮೇಲಿನ, ನಾಗರಿಕ ಹಕ್ಕುಗಳ ವಿರುದ್ಧದ ಒಳಸಂಚಿನ ಆರೋಪ ಜಾನ್ಸನ್ನರ ಮುಂದೆ ಬಂದಾಗಲೂ ಜ್ಯೂರಿ ತೀರ್ಮಾನಕ್ಕೆ ಬರಲಾಗುತ್ತಿಲ್ಲವೆಂದಿತು. ಜಾನ್ಸನ್ ಆ ಜ್ಯೂರಿಯನ್ನು ಚರ್ಚೆ ಮುಂದುವರಿಸಲು ಮತ್ತೆ ಒಳಗೆ ಕಳಿಸಿದರು. ಈ ಬಾರಿ ಜ್ಯೂರಿ ಮೂವರನ್ನೂ ಅಪರಾಧಿಗಳೆಂದಿತು, ಜಾನ್ಸನ್ ತಲಾ ಹತ್ತು ವರ್ಷಗಳ ಸೆರೆವಾಸ ವಿಧಿಸಿದರು.